ಬಿಸಿಲ ನಾಡಿನಿಂದ ಹಿಮದ ಇಳಿಜಾರಿಗೆ

ವಿಜಯಪುರದವರಾದ ನಮಗೆ ಮುಗಿಲಿನಿಂದ ಬೀಳುವ ಗಡ್ಡೆ ಎಂದರೆ ಆಣಿಕಲ್ಲು. ಬೇಸಿಗೆ ಕಾಲಿಡುವ ಹೊತ್ತಿಗೆ, ಟಿಕೋಟಾ ಭಾಗದಲ್ಲಿ ದ್ರಾಕ್ಷಿ ಕೊಯ್ಲಿಗೆ ಬಂದು ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಕೆಲಸ ಬಿರುಸಾದಾಗ, ಪಡುವಣದಲ್ಲಿ ಮೋಡ ಕಪ್ಪಾದರೆ ರೈತರ ಎದೆ ಬಡಿದುಕೊಳ್ಳತೊಡಗುತ್ತದೆ. 2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರದಿಂದ ನಮ್ಮ ಜಿಲ್ಲೆಯವರೆಗೂ ಆಣಿಕಲ್ಲಿನ ಮಳೆ ಸುರಿದು ದ್ರಾಕ್ಷಿ, ದಾಳಿಂಬೆ, ಬಿಳಿಜೋಳ ನೆಲಕಚ್ಚಿದ್ದನ್ನು ಇಲ್ಲಿಯ ಜನ ಮರೆತಿಲ್ಲ. ಆದರೆ ಎಷ್ಟೇ ದೊಡ್ಡ ಆಣಿಕಲ್ಲು ಬಿದ್ದರೂ ಮಗ್ರಿಬ್‌ನ ಹೊತ್ತಿಗೆ ಅದು ಕರಗಿ ನೀರಾಗಿರುತ್ತದೆ. ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯುವ, ಪದರು ಪದರಾಗಿ ಏರುವ, ಒಂದು ದಿನ ಇದ್ದಕ್ಕಿದ್ದಂತೆ ಗುಡ್ಡ ಬಿಟ್ಟು ಇಳಿಯುವ ಹಿಮ ನಮ್ಮ ಅನುಭವಕ್ಕೆ ಬಂದದ್ದಲ್ಲ.

ಅನುಭವವಿಲ್ಲದ್ದಕ್ಕೆ ಮಾತೂ ಇರುವುದಿಲ್ಲ. ನಮ್ಮ ಊರಿನಲ್ಲಿ ಹಿಂದೂ-ಮುಸ್ಲಿಮರೆನ್ನದೆ ಎಲ್ಲರೂ ಮಂಜುಗಡ್ಡೆಗೆ 'ಬರ್ಫ' ಎನ್ನುತ್ತಾರೆ. ಇದು ಪಾರಸಿ ಮಾತು; ಅಲ್ಲಿ ಅದರ ಮೂಲ ಅರ್ಥ ಹಿಮ ಎಂದೇ. ಹಿಮ ಬೀಳುವ ನಾಡಿನಿಂದ ಆದಿಲಶಾಹಿ ರಾಜಧಾನಿಗೆ ಬಂದವರ ಜೊತೆ ಆ ಮಾತು ಬಂದಿತು, ಹಿಮ ಬರಲಿಲ್ಲ. ಕೊನೆಗೆ ನಮ್ಮಲ್ಲಿ ಉಳಿದದ್ದು ಗೋಳಿ ಸೋಡಾದ ಬರ್ಫ ಮತ್ತು ಮಿಠಾಯಿ ಅಂಗಡಿಯ ಬರ್ಫಿ. ಇನ್ನು ಕನ್ನಡ ಪತ್ರಿಕೆಗಳ 'ಹಿಮಪಾತ' ಎಂಬ ಪದವನ್ನೇ ನೋಡಿ. ಶಿಮ್ಲಾದಲ್ಲಿ ಪ್ರವಾಸಿಗರು ನಲಿದಾಡುವ ಹಿಮದ ಮಳೆಗೂ ಅದೇ ಪದ, ಸೈನಿಕರನ್ನು ಹೂತುಹಾಕುವ ಹಿಮದ ಕುಸಿತಕ್ಕೂ ಅದೇ ಪದ. 'ಮಳೆ' ಮತ್ತು 'ಕೆರೆ ಒಡೆಯುವುದು' ಎರಡಕ್ಕೂ ಒಂದೇ ಮಾತು ಬಳಸಿದಂತೆ ಇದು. ಕೆರೆ ಒಡೆದರೆ ಏರಿ ಯಾಕೆ ಬಿರಿಯಿತು, ಯಾರು ನೋಡಿಕೊಳ್ಳಬೇಕಿತ್ತು ಎಂದು ಕೇಳುತ್ತೇವೆ. ಮಳೆಯ ಬಗ್ಗೆ ಹಾಗೆ ಕೇಳುವುದಿಲ್ಲ. ಈ ಲೇಖನದಲ್ಲಿ ನಾವು ಎರಡನೆಯದನ್ನು ಹಿಮಕುಸಿತ ಎಂದೇ ಕರೆಯುತ್ತೇವೆ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮದ ದೊಡ್ಡ ಗೋಡೆಯೊಂದು ಕಳಚಿ ಬಿದ್ದಿತು. ಎತ್ತರ ಸುಮಾರು 19,600 ಅಡಿ. ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ ಎಂದಿಟ್ಟುಕೊಂಡರೆ ಆ ಠಾಣೆ ಅದರ ಹತ್ತರಷ್ಟು ಎತ್ತರದಲ್ಲಿತ್ತು. ಅಲ್ಲಿದ್ದವರು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿಗೆ ಸೇರಿದ ಹತ್ತು ಮಂದಿ. ಅವರಲ್ಲಿ ಮೂವರು ಕನ್ನಡ ನಾಡಿನವರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ, ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಉಳಿದವರು ವೆಲ್ಲೂರು, ತೇನಿ, ಮದುರೆ, ಕೃಷ್ಣಗಿರಿ, ಕೊಲ್ಲಂ, ಸಾತಾರಾ ಕಡೆಯವರು. ಕರ್ನೂಲು ಜಿಲ್ಲೆಯ ಸಿಪಾಯಿ ಮುಷ್ತಾಕ್ ಅಹ್ಮದ್ ಕೂಡ ಅವರಲ್ಲಿದ್ದರು. ಈ ಊರುಗಳ ಪಟ್ಟಿಯನ್ನು ಮತ್ತೊಮ್ಮೆ ಓದಿ. ಒಂದರಲ್ಲೂ ಹಿಮ ಬೀಳುವುದಿಲ್ಲ.

ಎರಡನೆಯ ದಿನಕ್ಕೇ ಯಾರೂ ಬದುಕಿರುವ ಆಸೆಯಿಲ್ಲ ಎಂಬ ಸುದ್ದಿ ಬಂದಿತ್ತು. ಆದರೂ ಹುಡುಕಾಟ ನಿಲ್ಲಲಿಲ್ಲ. ಬಂಡೆ ಕೊರೆಯುವ ಯಂತ್ರ, ವಿದ್ಯುತ್ ಗರಗಸ, ತರಬೇತಾದ ನಾಯಿಗಳು, ಜೊತೆಗೆ ನೂರೈವತ್ತಕ್ಕೂ ಹೆಚ್ಚು ಸೈನಿಕರು. ಕಲ್ಲಿನಷ್ಟು ಗಟ್ಟಿಯಾದ ಹಿಮವನ್ನು ಕೊರೆಯುತ್ತಾ ಫೆಬ್ರವರಿ 8ರಂದು 25 ಅಡಿಗೂ ಹೆಚ್ಚಿನ ಆಳದಲ್ಲಿ ಹನುಮಂತಪ್ಪನವರನ್ನು ಕಂಡರು. ಅವರಿಗೆ ಉಸಿರಿತ್ತು. ಆರು ದಿನ! ದೆಹಲಿಯ ಸೇನಾ ಆಸ್ಪತ್ರೆಗೆ ಅವರನ್ನು ತಂದರು. ನಮ್ಮ ಊರಿನ ಮಸೀದಿ, ಮಠ, ಗುಡಿಗಳಲ್ಲಿ ಅವರಿಗಾಗಿ ಪ್ರಾರ್ಥನೆ ನಡೆಯಿತು. ಶಾಲಾ ಮಕ್ಕಳು ಮೇಣದ ಬತ್ತಿ ಹಚ್ಚಿದರು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಮರುದಿನ ಬೆಟದೂರಿನ ಕಪ್ಪು ಮಣ್ಣಿನಲ್ಲಿ ಅವರನ್ನು ಮಣ್ಣು ಮಾಡಿದರು. ಉಳಿದ ಒಂಬತ್ತು ಮಂದಿಯ ದೇಹಗಳು ಹವಾಮಾನ ತಿಳಿಯಾಗಿ ಊರು ತಲುಪಲು ಇನ್ನೂ ಕೆಲವು ದಿನ ಬೇಕಾದವು.

ಆ ವಾರ ವಿಜಯಪುರದ ವೃತ್ತಗಳಲ್ಲಿ ಬ್ಯಾನರುಗಳು ಎದ್ದವು. ಚಹಾದ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಾವೂ ಅಲ್ಲಿ ಕುಳಿತಿದ್ದೆವು. ವೀರ, ತ್ಯಾಗ, ದೈವೇಚ್ಛೆ, ಪ್ರಕೃತಿಯ ಮುನಿಸು ಎಂಬ ಮಾತುಗಳು ಬಂದವು. ಅವೆಲ್ಲ ನಿಜವಿರಬಹುದು. ಆದರೆ ಅಲ್ಲಿ ಬಿದ್ದದ್ದಾದರೂ ಏನು, ಅದು ಯಾಕೆ ಬೀಳುತ್ತದೆ, ಬೀಳುವ ಮುನ್ನ ಸುಳಿವು ಕೊಡುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಆಮೇಲೆ ಈ ವಿಷಯ ಓದತೊಡಗಿದಾಗ ಇದಕ್ಕೊಂದು ಉದ್ದ ಚರಿತ್ರೆ ಇರುವುದು, ಆ ಚರಿತ್ರೆಯ ಒಂದು ಪುಟ ನಮ್ಮ ಬಿಜಾಪುರದಲ್ಲೇ ಬರೆದಿರುವುದು ಗೊತ್ತಾಯಿತು.

ಕ್ಯಾಸ್ಪಿಯನ್ ಕಡಲ ಬದಿಯ ಅಸ್ತರಾಬಾದಿನಲ್ಲಿ ಹುಟ್ಟಿದ ಮುಹಮ್ಮದ್ ಕಾಸಿಂ ಫರಿಷ್ತಾ ಅಹ್ಮದನಗರದಲ್ಲಿ ಬೆಳೆದು 1589ರಲ್ಲಿ ಬಿಜಾಪುರಕ್ಕೆ ಬಂದನು. ಎರಡನೇ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಅವನು ಬರೆದ ಹಿಂದೂಸ್ತಾನದ ಚರಿತ್ರೆಯಲ್ಲಿ ಮುಹಮ್ಮದ್ ಬಿನ್ ತುಘಲಕನ ಬೆಟ್ಟದ ದಂಡಯಾತ್ರೆಯ ಕಥೆ ಇದೆ. 1330ರ ದಶಕದಲ್ಲಿ ಸುಲ್ತಾನನು ದೊಡ್ಡ ಸೈನ್ಯವೊಂದನ್ನು ಹಿಮಾಲಯದ ಕರಾಚಿಲ್ ಕಡೆಗೆ ಅಟ್ಟಿದನು. ಫರಿಷ್ತಾ ಅದನ್ನು ಲಕ್ಷ ಕುದುರೆ ಸವಾರರ ದಂಡು ಎನ್ನುತ್ತಾನೆ. ಈ ಸಂಖ್ಯೆಯನ್ನು ನಾವು ಅಷ್ಟಾಗಿ ನಂಬಬೇಕಿಲ್ಲ. ಆ ಕಾಲದ ಚರಿತ್ರೆಕಾರರಿಗೆ ಲಕ್ಷ ಎಂದರೆ ಬಹಳ ಎಂದರ್ಥ. ಸೈನ್ಯ ಸೋತದ್ದು ಕತ್ತಿಗಿಂತ ಹೆಚ್ಚಾಗಿ ಬೆಟ್ಟಕ್ಕೆ. ಮಳೆ ಹಿಡಿಯಿತು, ದಾರಿ ಮುಚ್ಚಿತು, ರೋಗ ಹರಡಿತು, ಬೆಟ್ಟದ ಜನ ಮೇಲಿನಿಂದ ಕಲ್ಲು ಉರುಳಿಸಿದರು. ಸುದ್ದಿ ಹೇಳಲು ಮರಳಿದವರು ಬೆರಳೆಣಿಕೆಯಷ್ಟು. ಅದೇ ತುಘಲಕನ ಆಸ್ಥಾನದಲ್ಲಿ ಕಾಜಿಯಾಗಿದ್ದ ಇಬ್ನ್ ಬತೂತ ಹಿಂದೂಕುಶ್ ಎಂಬ ಹೆಸರಿಗೆ ಕೊಡುವ ವಿವರಣೆಯೂ ಇಲ್ಲಿ ನೆನಪಾಗುತ್ತದೆ. ಹಿಂದೂಸ್ತಾನದಿಂದ ಕೊಂಡೊಯ್ಯುವ ಗುಲಾಮರು ಆ ಕಣಿವೆಯ ಚಳಿ ಮತ್ತು ಹಿಮದಲ್ಲಿ ಸಾಯುತ್ತಿದ್ದರಿಂದ ಆ ಪರ್ವತಕ್ಕೆ ಆ ಹೆಸರು ಬಂತೆಂದು ಅವನು ಬರೆದಿದ್ದಾನೆ. ಹೆಸರಿನ ಮೂಲ ಅದೇ ಹೌದೋ ಅಲ್ಲವೋ, ಬಯಲು ನಾಡಿನ ಜನರನ್ನು ಹಿಮ ಹೇಗೆ ನುಂಗುತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ.

ಇದಕ್ಕೆ ಎದುರಾಗಿ ಹಿಮವನ್ನು ಬಲ್ಲವನ ಕಥೆಯೊಂದಿದೆ. ಬಿಜಾಪುರದಲ್ಲಿ ಯೂಸುಫ್ ಆದಿಲ ಖಾನ ಆಳುತ್ತಿದ್ದ ಕಾಲವದು. 1506ರ ಡಿಸೆಂಬರಿನಲ್ಲಿ ಬಾಬರ್ ಹೆರಾತ್‌ನಿಂದ ಕಾಬೂಲಿಗೆ ಬೆಟ್ಟದ ದಾರಿ ಹಿಡಿದನು. ದಾರಿ ತೋರಿಸುವವನೇ ಹಿಮದಲ್ಲಿ ದಾರಿ ತಪ್ಪಿದನು. ಆಮೇಲೆ ನಡೆದದ್ದನ್ನು ಬಾಬರ್ ತನ್ನ ನೆನಪುಗಳಲ್ಲಿ ಬಹಳ ವಿವರವಾಗಿ ಬರೆದಿದ್ದಾನೆ. ಹತ್ತು-ಹದಿನೈದು ಮಂದಿ ಸರದಿಯಂತೆ ಮುಂದೆ ಹೋಗಿ ಸೊಂಟದವರೆಗೆ, ಎದೆಯವರೆಗೆ ಬಂದ ಹಿಮವನ್ನು ತುಳಿದು ಗಟ್ಟಿ ಮಾಡುತ್ತಿದ್ದರು. ದಣಿದವನು ನಿಂತರೆ ಇನ್ನೊಬ್ಬ ಮುಂದಾಗುತ್ತಿದ್ದ. ಹಾಗೆ ತುಳಿದ ಹಾದಿಯಲ್ಲಿ ಖಾಲಿ ಕುದುರೆಯನ್ನು ಎಳೆದು ತರುತ್ತಿದ್ದರು. ದಿನವಿಡೀ ದುಡಿದರೂ ಸಾಗುತ್ತಿದ್ದುದು ಎರಡು-ಮೂರು ಮೈಲಿ. ಒಂದು ರಾತ್ರಿ ಕಣಿವೆಯ ಬುಡದ ಗವಿಯೊಂದಕ್ಕೆ ತಲುಪಿದಾಗ ಬಿರುಗಾಳಿ ಎದ್ದಿತು. ತನ್ನವರು ಹೊರಗೆ ಹಿಮದಲ್ಲಿರುವಾಗ ತಾನು ಒಳಗೆ ಬೆಚ್ಚಗಿರುವುದು ಸರಿಯಲ್ಲವೆಂದು ಬಾಬರ್ ಗವಿಯೊಳಗೆ ಹೋಗಲು ಒಪ್ಪಲಿಲ್ಲ. ಗುದ್ದಲಿ ಹಿಡಿದು ಎದೆಯಾಳ ಹಿಮ ಅಗೆದು ಗಾಳಿಗೆ ಮರೆಯಾಗಿ ಕುಳಿತನು. ಗವಿ ಎಲ್ಲರಿಗೂ ಸಾಲುವಷ್ಟು ದೊಡ್ಡದು ಎಂದು ಗೊತ್ತಾದ ಮೇಲಷ್ಟೇ ಎಲ್ಲರನ್ನೂ ಕರೆದುಕೊಂಡು ಒಳಗೆ ಹೋದನು.

ಬಾಬರನ ಹೆಸರು ನಮ್ಮ ಕಾಲದಲ್ಲಿ ಜಗಳಕ್ಕೇ ಹೆಚ್ಚು ಬಳಕೆಯಾಗಿದೆ. ಆ ಮಾತು ಇಲ್ಲಿ ಬೇಡ. ಗಮನಿಸಬೇಕಾದದ್ದು ಅವನ ಕಣ್ಣು. ಫರ್ಗಾನಾದ ಬೆಟ್ಟಗಳ ನಡುವೆ ಬೆಳೆದ ಅವನು ಹಿಮದ ಆಳ, ಗಟ್ಟಿತನ, ಗಾಳಿಯ ದಿಕ್ಕುಗಳನ್ನು ರೈತನು ಮಣ್ಣು ನೋಡುವಂತೆ ನೋಡುತ್ತಾನೆ. ಹಿಮ ಅಷ್ಟು ಆಳವಾಗಿದ್ದರಿಂದಲೇ ತಾವು ದಾಟಿದೆವು, ಕಡಿಮೆ ಇದ್ದಿದ್ದರೆ ಕುದುರೆಗಳು ಕಂದಕಗಳಿಗೆ ಜಾರುತ್ತಿದ್ದವು ಎಂದು ಲೆಕ್ಕ ಹಾಕುತ್ತಾನೆ. ಹಿಮ ಅವನಿಗೆ ವಿಧಿಯಾಗಿರಲಿಲ್ಲ, ಓದಬಹುದಾದ ನೆಲವಾಗಿತ್ತು.

ಹಾಗಾದರೆ ಹಿಮದಲ್ಲಿ ಓದುವುದೇನನ್ನು? ನಮ್ಮ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಬಿಳಿಜೋಳದ ರಾಶಿ ಸುರಿಯುವುದನ್ನು ನೋಡಿದವರಿಗೆ ಅರ್ಧ ಪಾಠ ಗೊತ್ತೇ ಇದೆ. ಚೀಲದ ಮೇಲೆ ಚೀಲ ಸುರಿದರೆ ರಾಶಿ ಏರುತ್ತದೆ, ಆದರೆ ಅದರ ಇಳಿಜಾರು ಒಂದು ಮಿತಿ ದಾಟುವುದಿಲ್ಲ. ಸುಮಾರು 30 ಡಿಗ್ರಿ ಮುಟ್ಟಿದೊಡನೆ ಕಾಳು ತಾನಾಗಿ ಜಾರಿ ರಾಶಿ ಅಗಲವಾಗುತ್ತದೆ. ಹಿಮವೂ ಕಾಳೇ, ಆದರೆ ಒಂದಕ್ಕೊಂದು ಅಂಟಿಕೊಳ್ಳುವ ಕಾಳು. ಹಾಗಾಗಿ ಅದು ಜೋಳಕ್ಕಿಂತ ಕಡಿದಾದ ಇಳಿಜಾರಿನಲ್ಲೂ ನಿಂತಿರಬಲ್ಲದು, ನಿಂತಿದೆ ಎಂಬ ಭ್ರಮೆ ಹುಟ್ಟಿಸಬಲ್ಲದು. ತೀರಾ ಕಡಿದಾದಲ್ಲಿ ಹಿಮ ನಿಲ್ಲದೆ ಆಗಿಂದಾಗ ಉದುರುತ್ತಿರುತ್ತದೆ. ತೀರಾ ಸಪಾಟಾದಲ್ಲಿ ಜಾರುವುದಿಲ್ಲ. ಅಪಾಯ ಇರುವುದು 30ರಿಂದ 45 ಡಿಗ್ರಿಯ ನಡುವೆ. ನಡೆಯಲು ಅನುಕೂಲ ಅನ್ನಿಸುವ, ಡೇರೆಗೆ ಮರೆ ಕೊಡುತ್ತದೆ ಅನ್ನಿಸುವ ಇಳಿಜಾರುಗಳೂ ಇವೇ.

ಇನ್ನರ್ಧ ಪಾಠಕ್ಕೆ ನಮ್ಮ ಮನೆಯ ಕೌದಿಯನ್ನು ನೆನೆಯಬೇಕು. ಹಳೆಯ ಸೀರೆಗಳ ಪದರುಗಳನ್ನು ಅಜ್ಜಿಯರು ಒತ್ತೊತ್ತಾಗಿ ಹೊಲಿಯುತ್ತಾರಲ್ಲ, ಆ ಹೊಲಿಗೆಯೇ ಕೌದಿಯ ಜೀವ. ಚಳಿಗಾಲವಿಡೀ ಬೀಳುವ ಹಿಮವೂ ಹೀಗೆ ಪದರುಗಳ ಮೇಲೆ ಪದರು. ಒಂದೊಂದು ಬಿರುಗಾಳಿಗೆ ಒಂದೊಂದು ಪದರು. ಕೆಲವು ಪದರುಗಳ ನಡುವೆ ಹೊಲಿಗೆ ಗಟ್ಟಿ, ಕೆಲವುಗಳ ನಡುವೆ ಇಲ್ಲವೇ ಇಲ್ಲ. ಚಳಿಗಾಲದ ಆರಂಭದಲ್ಲಿ ತೆಳುವಾಗಿ ಹಿಮ ಬಿದ್ದು, ಮೇಲೆ ಗಾಳಿ ಕೊರೆಯುವಷ್ಟು ತಣ್ಣಗಿದ್ದು, ಕೆಳಗೆ ನೆಲ ಇನ್ನೂ ತುಸು ಬೆಚ್ಚಗಿದ್ದರೆ ತಳದ ಹಿಮ ನಿಧಾನಕ್ಕೆ ಸಕ್ಕರೆಯಂತೆ ಹರಳುಗಟ್ಟುತ್ತದೆ. ಆ ಹರಳುಗಳು ಒಂದಕ್ಕೊಂದು ಅಂಟುವುದಿಲ್ಲ. ಇಂಥ ತಳದ ಮೇಲೆ ಜನವರಿ-ಫೆಬ್ರವರಿಯ ಹೊಸ ಹಿಮ ಆಳೆತ್ತರ ಕೂತಿತೆನ್ನಿ. ಗಾಳಿ ಗುಡ್ಡದ ಒಂದು ಮೈಯ ಹಿಮವನ್ನು ಎತ್ತಿ ತಂದು ಮರೆಯ ಮೈಮೇಲೆ ಹೇರಿ ಹಲಗೆಯಂತೆ ಗಟ್ಟಿ ಮಾಡಿತೆನ್ನಿ. ಆಗ ಒಬ್ಬ ಮನುಷ್ಯನ ಭಾರ ಸಾಕು. ಕಾಲ ಕೆಳಗೆ 'ಧುಪ್' ಎಂದು ನೆಲ ಕುಸಿದಂತೆ ಸದ್ದಾಗುತ್ತದೆ, ಬಿರುಕು ಹರಿಯುತ್ತದೆ, ಇಡೀ ಹಲಗೆ ಒಮ್ಮೆಲೇ ಜಾರುತ್ತದೆ. ಹೀಗೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರ ಪಾಲಿಗೆ ಕುಸಿತಕ್ಕೆ ಕಾರಣ ಅವರದೇ ಅಥವಾ ಜೊತೆಗಾರರದೇ ಹೆಜ್ಜೆ. ಹಿಂದಿ ಸಿನಿಮಾದಲ್ಲಿ ತೋರಿಸುವಂತೆ ಕೂಗಿದರೆ ಹಿಮ ಕುಸಿಯುವುದಿಲ್ಲ. ಸೋನಮ್‌ನಲ್ಲಾದಂತೆ ಹಿಮದ ಗೋಡೆಯೇ ಕಳಚುವುದು ಮತ್ತೊಂದು ಬಗೆ. ಅದಕ್ಕೆ ಮನುಷ್ಯನ ಹೆಜ್ಜೆ ಬೇಕಿಲ್ಲ, ಅದರ ದಿನವನ್ನು ಮೊದಲೇ ಹೇಳುವುದೂ ಬಹಳ ಕಷ್ಟ. ಅದರ ಕೆಳಗೆ ಎಲ್ಲಿ ಡೇರೆ ಹಾಕಬಾರದು ಎಂಬುದನ್ನಷ್ಟೇ ಹೇಳಬಹುದು.

ಹೂತುಹೋದವರಿಗೆ ಕಾಲ ಬಹಳ ಕಡಿಮೆ. ಆಲ್ಪ್ಸ್ ಪರ್ವತಗಳಲ್ಲಿ ಸಂಗ್ರಹಿಸಿದ ದಾಖಲೆಗಳ ಪ್ರಕಾರ ಮೊದಲ ಹತ್ತು-ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರು. ಕೊಲ್ಲುವುದು ಹೆಚ್ಚಾಗಿ ಚಳಿಯಲ್ಲ, ಉಸಿರುಗಟ್ಟುವಿಕೆ. ಬಿಟ್ಟ ಉಸಿರಿನ ತೇವವೇ ಮುಖದ ಸುತ್ತ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ. ಹನುಮಂತಪ್ಪನವರ ಸುತ್ತ ಡೇರೆಯೊಳಗೆ ಒಂದಿಷ್ಟು ಗಾಳಿಯ ಅವಕಾಶ ಉಳಿದಿತ್ತು. ಆರು ದಿನಗಳ ಆ ಪವಾಡದ ಹಿಂದೆ ಇದ್ದುದು ಅದು, ಮತ್ತು ಅವರ ದೇಹದ ಗಟ್ಟಿತನ.

ಮತ್ತೆ ಚರಿತ್ರೆಗೆ ಬರೋಣ. 1841ರ ಡಿಸೆಂಬರಿನಲ್ಲಿ ಡೋಗ್ರಾ ಸೇನಾನಿ ಜೋರಾವರ್ ಸಿಂಗ್ ಪಶ್ಚಿಮ ಟಿಬೆಟ್ಟಿನಲ್ಲಿ ಚಳಿಗೆ ಬೆರಳು ಕಳೆದುಕೊಂಡ ಸೈನಿಕರೊಡನೆ ಹೋರಾಡಿ ಮಡಿದನು. ಮರುತಿಂಗಳೇ, 1842ರ ಜನವರಿ 6ರಂದು, ಬ್ರಿಟಿಷರ ದಂಡು ಕಾಬೂಲ್ ಬಿಟ್ಟು ಹಿಮದಲ್ಲಿ ಹೊರಟಿತು. ಸುಮಾರು 4,500 ಸೈನಿಕರು, 12,000 ಪರಿಚಾರಕರು. ಆ ಸೈನಿಕರಲ್ಲಿ ಬಿಳಿಯರು ಕೇವಲ 700ರಷ್ಟು. ಉಳಿದವರು ಗಂಗಾ ಬಯಲಿನ ಸಿಪಾಯಿಗಳು. ಒಂದು ವಾರದ ಮೇಲೆ ಜಲಾಲಾಬಾದ್ ತಲುಪಿದ ವೈದ್ಯ ಬ್ರೈಡನ್‌ನ ಚಿತ್ರ ಇಂಗ್ಲಿಷರ ಪುಸ್ತಕಗಳಲ್ಲೆಲ್ಲ ಬಂತು. ಮೊದಲ ರಾತ್ರಿಗಳಲ್ಲೇ ಹಿಮದಲ್ಲಿ ಕುಳಿತಲ್ಲೇ ಹೆಪ್ಪುಗಟ್ಟಿದ ಸಿಪಾಯಿಗಳ, ಅಡುಗೆಯವರ, ಒಂಟೆ ಕಾಯುವವರ ಹೆಸರು ಎಲ್ಲೂ ಬರಲಿಲ್ಲ.

ಮೊದಲ ಮಹಾಯುದ್ಧದ ಒಂದು ಘಟನೆಯಂತೂ ನಮ್ಮನ್ನು ಬಹಳ ಕಾಡಿತು. ಇಟಲಿ ಮತ್ತು ಆಸ್ಟ್ರಿಯಾ-ಹಂಗೆರಿಯ ಸೈನ್ಯಗಳು ಆಲ್ಪ್ಸ್‌ನ ಮಾರ್ಮೊಲಾಡ ಪರ್ವತದ ಮೇಲೆ ಎದುರುಬದುರು ಬೀಡುಬಿಟ್ಟಿದ್ದವು. ತಮ್ಮ ಬಿಡಾರ ಹಿಮಕುಸಿತದ ದಾರಿಯಲ್ಲಿದೆ, ಬೇರೆಡೆ ಸಾಗಿಸಬೇಕು ಎಂದು ಅಲ್ಲಿದ್ದ ಆಸ್ಟ್ರಿಯಾದ ಕ್ಯಾಪ್ಟನ್ ಒಬ್ಬ ಮೇಲಧಿಕಾರಿಗೆ ಬರೆದುಕೊಂಡಿದ್ದ. ಮನವಿ ತಿರಸ್ಕೃತವಾಯಿತು. 1916ರ ಡಿಸೆಂಬರ್ 13ರ ಬೆಳಿಗ್ಗೆ ಹಿಮ ಇಳಿದು ಸುಮಾರು 270 ಸೈನಿಕರು ಸತ್ತರು. ಇಳಿಜಾರಿನ ಕೆಳಗೆ ಮಲಗುವವನಿಗೆ ಗೊತ್ತಿತ್ತು. ನಕ್ಷೆಯ ಮುಂದೆ ಕುಳಿತವನಿಗೆ ಬೇಕಿರಲಿಲ್ಲ.

ನಕ್ಷೆಯ ಮಾತು ಬಂದರೆ ಸಿಯಾಚಿನ್ನೂ ನಕ್ಷೆಯಲ್ಲಿ ಉಳಿದ ಒಂದು ಬಿಟ್ಟ ಸ್ಥಳ. 1949ರ ಕರಾಚಿ ಒಪ್ಪಂದದಲ್ಲಿ ಭಾರತ-ಪಾಕಿಸ್ತಾನದ ಕದನ ವಿರಾಮ ರೇಖೆಯನ್ನು ಎನ್‌ಜೆ 9842 ಎಂಬ ಬಿಂದುವಿನವರೆಗೆ ಎಳೆದು, ಮುಂದೆ ಹಿಮನದಿಗಳ ಕಡೆಗೆ ಉತ್ತರಕ್ಕೆ ಎಂದು ಬರೆದು ಬಿಟ್ಟರು. ಅಲ್ಲಿ ಯಾರಾದರೂ ಹೋಗಿ ನೆಲೆಸುತ್ತಾರೆಂದು ಯಾರಿಗೂ ಅನ್ನಿಸಿರಲಿಲ್ಲ. 1984ರ ಏಪ್ರಿಲ್ 13ರಂದು 'ಮೇಘದೂತ' ಕಾರ್ಯಾಚರಣೆಯಲ್ಲಿ ಭಾರತದ ಸೇನೆ ಸಾಲ್ಟೊರೊ ಏಣನ್ನು ಹಿಡಿಯಿತು. ಅಂದಿನಿಂದ ಎರಡೂ ಕಡೆಯ ಸೈನಿಕರು ಅಲ್ಲಿದ್ದಾರೆ. 2003ರ ನವೆಂಬರಿನ ಕದನ ವಿರಾಮದ ನಂತರ ಅಲ್ಲಿ ಸತ್ತವರನ್ನು ಕೊಂದದ್ದು ಬಹುಮಟ್ಟಿಗೆ ಹಿಮ, ಚಳಿ ಮತ್ತು ತೆಳು ಗಾಳಿ. 2015ರ ಕೊನೆಯವರೆಗೆ ಭಾರತದ ಕಡೆ ಸತ್ತವರ ಸಂಖ್ಯೆ 800 ದಾಟಿತ್ತು. ಆಚೆಯ ಕಡೆ, 2012ರ ಏಪ್ರಿಲ್ 7ರಂದು ಗಯಾರಿ ಎಂಬಲ್ಲಿ ಪಾಕಿಸ್ತಾನದ ಒಂದು ಬೆಟಾಲಿಯನ್ನಿನ ಮುಖ್ಯ ನೆಲೆಯನ್ನೇ ಹಿಮ ಮುಚ್ಚಿ 140 ಮಂದಿ ಸತ್ತರು. ಆ ನೆಲೆ ಅಲ್ಲಿ ವರ್ಷಗಟ್ಟಲೆಯಿಂದ ಇತ್ತು, ಸುರಕ್ಷಿತ ಎಂದೇ ನಂಬಿದ್ದರು. ಸಿಯಾಚಿನ್ ಎಂದರೆ ಬಾಲ್ಟಿ ಮಾತಿನಲ್ಲಿ ಕಾಡುಗುಲಾಬಿಗಳು ಹೇರಳವಾಗಿರುವ ಜಾಗ. ಆ ಹೆಸರಿಟ್ಟ ಬಾಲ್ಟಿ ಜನ ಕಣಿವೆಯ ಕೆಳಗೆ ಊರು ಕಟ್ಟಿಕೊಂಡರೇ ಹೊರತು ಹಿಮನದಿಯ ನೆತ್ತಿಯ ಮೇಲೆ ಮನೆ ಮಾಡಲಿಲ್ಲ.

ಈ ಗಡಿ ವಿವಾದ ಹೇಗೆ ಮುಗಿಯಬೇಕು ಎಂಬುದನ್ನು ಹೇಳುವಷ್ಟು ತಿಳಿದವರು ನಾವಲ್ಲ. ಸೈನಿಕ ಅಲ್ಲಿರುವವರೆಗೆ ಹಿಮದ ವಿದ್ಯೆ ಅವನ ಅನ್ನದಷ್ಟೇ ಮುಖ್ಯ ಎಂಬುದು ಮಾತ್ರ ಗೊತ್ತು. ಆ ವಿದ್ಯೆ ನಮ್ಮ ದೇಶದಲ್ಲಿ ಇಲ್ಲದ್ದೇನೂ ಅಲ್ಲ. 1962ರ ಚೀನಾ ಯುದ್ಧದ ನಂತರ ಎತ್ತರದ ಗಡಿಗೆ ರಸ್ತೆಗಳು ಹೋದವು, ರಸ್ತೆಯ ಮೇಲೆ ಹಿಮ ಬಿದ್ದಿತು, 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. 'ಸಾಸೆ' ಎಂದು ಹೆಸರಾಗಿದ್ದ ಅದನ್ನು 2020ರಲ್ಲಿ ಮತ್ತೊಂದು ಸಂಸ್ಥೆಯೊಡನೆ ಕೂಡಿಸಿ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ ಮಾಡಿದರು. ಹಿಮದಲ್ಲಿ ಗುಂಡಿ ತೋಡಿ ಪದರುಗಳನ್ನು ಎಣಿಸುವುದು, ಒಂದೊಂದರ ಉಷ್ಣತೆ ಮತ್ತು ಗಟ್ಟಿತನ ಅಳೆಯುವುದು, ಗಾಳಿ ಮತ್ತು ಹೊಸ ಹಿಮದ ಲೆಕ್ಕ ಇಡುವುದು, ಚಳಿಗಾಲದಲ್ಲಿ ಕುಪವಾರಾ, ಬಂಡೀಪೊರಾ, ಗಾಂದರ್‌ಬಲ್, ಲಾಹೌಲ್‌ನಂಥ ಪ್ರದೇಶಗಳಿಗೆ ಅಪಾಯದ ಮುನ್ಸೂಚನೆ ಕೊಡುವುದು ಅವರ ಕೆಲಸ. ಉತ್ತರದ ಪತ್ರಿಕೆಗಳಲ್ಲಿ ಆ ಮುನ್ಸೂಚನೆ ನಮ್ಮಲ್ಲಿಯ ಮಳೆ ವರದಿಯಂತೆ ಬರುತ್ತದೆ. ಕನ್ನಡ ಪತ್ರಿಕೆಯಲ್ಲಿ ನಾವಂತೂ ಕಂಡಿಲ್ಲ.

ಅದು ಕನ್ನಡದವರಿಗೆ ಯಾಕೆ ಬೇಕು ಎಂದು ಕೇಳಬಹುದು. ಬೆಳಗಿನ ಜಾವ ಟಿಕೋಟಾ ಕಡೆಗೆ ಅಥಣಿ ರಸ್ತೆಯಲ್ಲಿ ಹೋದವರಿಗೆ ಉತ್ತರ ಸಿಗುತ್ತದೆ. ಸೇನಾ ಭರ್ತಿಯ 1,600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು ಕತ್ತಲಲ್ಲೇ ಓಡುತ್ತಿರುತ್ತಾರೆ. ಬಬಲೇಶ್ವರ ಕಡೆಯ ಹಳ್ಳಿಗಳಿಂದಲೂ ಹುಡುಗರು ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕನಸು ಕಾಣುತ್ತಾರೆ. ಇವರ ತಂದೆಯರಲ್ಲಿ ಬಹಳ ಮಂದಿಗೆ ಎರಡೆಕರೆ ಎರೆಹೊಲ, ಅದಕ್ಕೆ ನಂಬಿಕೆಯಿಲ್ಲದ ಮಳೆ. ವಿಜಯಪುರ ನಗರದಲ್ಲಿ 1963ರಿಂದ ಸೈನಿಕ ಶಾಲೆ ಇದೆ; ಅಲ್ಲಿಂದ ಅಧಿಕಾರಿಗಳಾಗಿ ಹೋದವರು ಅನೇಕರು. ಈ ಹುಡುಗರಲ್ಲಿ ಕೆಲವರು ಒಂದು ದಿನ ಯಾವುದೋ ಇಳಿಜಾರಿನ ಕೆಳಗೆ ಡೇರೆ ಹಾಕುತ್ತಾರೆ. ಸೇನೆ ಅವರಿಗೆ ತರಬೇತಿ ಕೊಟ್ಟೇ ಕಳಿಸುತ್ತದೆ, ನಿಜ. ಆದರೆ ಮನೆಯವರಿಗೆ, ಊರಿಗೆ, ಬ್ಯಾನರು ಕಟ್ಟುವ ನಮಗೆ ಅವರು ಎದುರಿಸುವುದು ಏನೆಂದು ಗೊತ್ತಿಲ್ಲದಿದ್ದರೆ ಅವರ ಪರವಾಗಿ ಒಂದು ಪ್ರಶ್ನೆ ಕೇಳುವ ಶಕ್ತಿಯೂ ನಮಗಿರುವುದಿಲ್ಲ. ಸೋನಮ್ ನಂತರವೂ ಸುದ್ದಿ ಬರುತ್ತಲೇ ಇದೆ. 2019ರ ನವೆಂಬರಿನಲ್ಲಿ ಸಿಯಾಚಿನ್‌ನಲ್ಲಿ ನಾಲ್ವರು ಸೈನಿಕರು, ಇಬ್ಬರು ಹೊರೆಯಾಳುಗಳು. 2022ರ ಫೆಬ್ರವರಿಯಲ್ಲಿ ಅರುಣಾಚಲದ ಕಾಮೆಂಗ್‌ನಲ್ಲಿ ಏಳು ಸೈನಿಕರು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಸಿಯಾಚಿನ್‌ನಲ್ಲಿ ಮೂವರು.

ಸೈನಿಕರಷ್ಟೇ ಅಲ್ಲ. 2025ರ ಫೆಬ್ರವರಿ 28ರಂದು ಬದರೀನಾಥದ ಬಳಿಯ ಮಾಣಾದಲ್ಲಿ ಗಡಿ ರಸ್ತೆಯ ಕೆಲಸಕ್ಕೆ ಬಂದಿದ್ದ 54 ಕೂಲಿಕಾರರ ಮೇಲೆ ಹಿಮ ಇಳಿಯಿತು. ಅವರು ಉಕ್ಕಿನ ಕಂಟೇನರುಗಳಲ್ಲಿ ಮಲಗುತ್ತಿದ್ದರು. 46 ಮಂದಿ ಬದುಕಿದರು, ಎಂಟು ಮಂದಿ ಸತ್ತರು. ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ನಮ್ಮ ಜಿಲ್ಲೆಯವರಿಗೆ ಈ ಕೂಲಿಕಾರರ ಬದುಕನ್ನು ಬಿಡಿಸಿ ಹೇಳಬೇಕಿಲ್ಲ.

ಇತ್ತೀಚೆಗೆ ಮತ್ತೊಂದು ಬಗೆಯ ಪಯಣಿಗರು ಹುಟ್ಟಿಕೊಂಡಿದ್ದಾರೆ. ಬೆಂಗಳೂರು, ಪುಣೆಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗ-ಹುಡುಗಿಯರು ಡಿಸೆಂಬರ್ ರಜೆಯಲ್ಲಿ ಹಿಮದ ಚಾರಣಕ್ಕೆ ಹೊರಡುತ್ತಾರೆ. ಸಂತೋಷದ ವಿಷಯವೇ. ಆದರೆ 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತವಾಗಿ ಪರ್ವತಾರೋಹಣ ಕಲಿಯುತ್ತಿದ್ದವರು, ಕಲಿಸುತ್ತಿದ್ದವರು ಸೇರಿ 29 ಮಂದಿಯನ್ನು ಕಳೆದುಕೊಂಡೆವು. ಅವರಲ್ಲಿ ಕರ್ನಾಟಕದವರೂ ಇದ್ದರು. 2024ರ ಜೂನ್ ಮೊದಲ ವಾರ ಸಹಸ್ರತಾಲ್ ಚಾರಣಕ್ಕೆ ಹೋದ, ಬಹುಪಾಲು ಕರ್ನಾಟಕದವರೇ ಇದ್ದ 22 ಮಂದಿಯ ತಂಡ ಹಿಂತಿರುಗುವಾಗ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಸತ್ತರು. ಅದು ಹಿಮಕುಸಿತವಲ್ಲ, ಚಳಿ ಮತ್ತು ಬಿರುಗಾಳಿ. ಕನ್ನಡದಲ್ಲಿ ಆಗಲೂ ಕೆಲವರು ಬರೆದದ್ದು 'ಹಿಮಪಾತ' ಎಂದೇ.

ನಮ್ಮ ಪರಿಚಯದ ಕುಟುಂಬವೊಂದರ ಹುಡುಗ ಕಳೆದ ಚಳಿಗಾಲದಲ್ಲಿ ಇಂಥದೊಂದು ಚಾರಣಕ್ಕೆ ಹಣ ಕಟ್ಟಿ ಬಂದಿದ್ದ. ಅವನ ತಾಯಿ ನಮ್ಮನ್ನು ಕರೆದು, 'ಅಣ್ಣಾ, ನೀವರ ಒಂದೀಟು ಕೇಳ್ರಿ' ಅಂದರು. ನಾವು ಕೇಳಿದ್ದು ಇಷ್ಟು: ಕಳೆದ ಮೂರು ದಿನದಲ್ಲಿ ಅಲ್ಲಿ ಎಷ್ಟು ಹಿಮ ಬಿದ್ದಿದೆ ಅಂತ ಯಾರು ನೋಡ್ತಾರಪ್ಪಾ? ಗಾಳಿ ಯಾವ ಕಡೆಯಿಂದ ಬೀಸಿದೆ? ರಾತ್ರಿ ಡೇರೆ ಹಾಕೋ ಜಾಗದ ಮೇಲೆ ಎಂಥ ಇಳಿಜಾರಿದೆ? ಹೂತುಹೋದವರನ್ನು ಹುಡುಕೋ ಬೀಕನ್, ಉದ್ದ ಸಲಾಕೆ, ಸಲಿಕೆ ತಂಡದಲ್ಲಿ ಯಾರ ಹತ್ತಿರ ಇರ್ತಾವು? ಹವಾ ಕೆಟ್ಟರೆ ಹಿಂದಕ್ಕೆ ಬರೋಣ ಅನ್ನೋ ಅಧಿಕಾರ ಯಾರಿಗೆ? ಅವನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಸಂಘಟಕರಿಗೆ ಫೋನು ಮಾಡಿದ. ಅವರು ಊಟದಲ್ಲಿ ಏನೇನು ಇರುತ್ತದೆ ಎಂಬ ಪಟ್ಟಿ ಕಳಿಸಿದರು.

ಹುಡುಗ ಮತ್ತೊಮ್ಮೆ ಫೋನು ಹಚ್ಚಿ ಅದೇ ಪ್ರಶ್ನೆಗಳನ್ನು ಒಂದೊಂದಾಗಿ ಓದಿದ. ಈ ಸಲ ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಳೆ ಹೇಳುತ್ತೇವೆ ಅಂದರು.